ಸಾಫ್ಟ್‌ವೇರ್ ಕೆಲಸಕ್ಕೆ ಮೊದಲೇ ಒಟ್ಟು ದರ ಗೊತ್ತು ಮಾಡಬೇಕೇ?

ಪರ: ಒಡೆದು ಎಣಿಸಿದರೆ ದರ ಸಿಗುತ್ತದೆ

ಕಲಬುರಗಿಯ ನೆಹರೂ ಗಂಜ್‌ಗೆ ಡಿಸೆಂಬರ್‌ನಿಂದ ಹೊಸ ತೊಗರಿ ಬರತೊಡಗಿದರೆ ದಾಲ್ ಮಿಲ್ಲಿನವರ ರೊಕ್ಕವೆಲ್ಲ ಮಾಲಿನಲ್ಲಿ ಕೂತುಬಿಡುತ್ತದೆ. ಅಂಥ ಹೊತ್ತಿನಲ್ಲಿ ಸಾಫ್ಟ್‌ವೇರ್ ಮಾಡಿಕೊಡುವವರು 'ಕೆಲಸ ಆದಂಗ ಬಿಲ್ ಕೊಡ್ತೀವಿ, ಒಟ್ಟು ಎಷ್ಟಂತ ಹೇಳಾಕ ಬರಂಗಿಲ್ಲ' ಎಂದರೆ ಸಾವ್ಕಾರರು ಬ್ಯಾಂಕಿನಲ್ಲಿ ಏನು ತೋರಿಸಬೇಕು? ಪಾಲಿಶ್ ಯಂತ್ರಕ್ಕೆ ಕೊಟೇಶನ್ ಕೇಳುವವರು ಸಾಫ್ಟ್‌ವೇರಿಗೂ ಕೇಳುತ್ತಾರೆ. ಅದು ನ್ಯಾಯವೇ.

ದರ ಹೇಳಲಾಗದು ಎನ್ನುವವರು ಬಹಳ ಸಲ ಕೆಲಸವನ್ನು ಬಿಡಿಸಿ ನೋಡಿರುವುದಿಲ್ಲ. 'ಮಿಲ್ಲಿನ ಸಾಫ್ಟ್‌ವೇರ್' ಎಂದು ಇಡಿಯಾಗಿ ನೋಡಿದರೆ ಯಾರಿಗೂ ಅಂದಾಜು ಸಿಗದು. ಗೇಟ್ ಪಾಸ್, ಲಾರಿ ತೂಕ, ಖರೀದಿ ಪಟ್ಟಿ, ಅಡತ್ ಮತ್ತು ಹಮಾಲಿ, ದಾಸ್ತಾನು, ಬೇಳೆ-ನುಚ್ಚು-ಹೊಟ್ಟಿನ ಇಳುವರಿ, ಮಾರಾಟದ ಬಿಲ್ಲು, ವರದಿ: ಹೀಗೆ ಒಡೆಯಿರಿ. ಒಂದು ತುಂಡು ಒಂದು ವಾರಕ್ಕಿಂತ ದೊಡ್ಡದೆನಿಸಿದರೆ ಮತ್ತೆ ಒಡೆಯಿರಿ. ಐಬಿಎಂನ ಆಲನ್ ಆಲ್ಬ್ರೆಕ್ಟ್ 1979ರಲ್ಲಿ ತೋರಿಸಿಕೊಟ್ಟ ಫಂಕ್ಷನ್ ಪಾಯಿಂಟ್ ಲೆಕ್ಕದ ತಿರುಳೂ ಹೆಚ್ಚುಕಡಿಮೆ ಇದೇ. ಕೋಡಿನ ಸಾಲು ಎಣಿಸಬೇಡಿ, ಒಳಗೆ ಬರುವ ಮಾಹಿತಿ, ಹೊರಗೆ ಹೋಗುವ ವರದಿ, ಇಟ್ಟುಕೊಳ್ಳುವ ಕಡತ ಎಣಿಸಿ.

ಆಮೇಲೆ ಪ್ರತಿ ತುಂಡಿಗೂ ಮೂರು ಅಂಕಿ ಬರೆಯಿರಿ. ಲಾರಿ ತೂಕವನ್ನು ಕಂಪ್ಯೂಟರಿಗೆ ತರಲು ಎಲ್ಲ ಸರಿಯಿದ್ದರೆ 3 ದಿನ, ಸಾಮಾನ್ಯವಾಗಿ 5, ಕೆಟ್ಟರೆ 13 ಅನ್ನಿ. ನಡುವಿನ ಅಂಕಿಗೆ ನಾಲ್ಕು ಪಟ್ಟು ತೂಕ ಕೊಟ್ಟು, ಮೂರನ್ನೂ ಕೂಡಿಸಿ 6ರಿಂದ ಭಾಗಿಸಿದರೆ 6 ದಿನ ಬರುತ್ತದೆ. ಅವಸರದಲ್ಲಿ ಬಾಯಿಗೆ ಬಂದ 5 ಅಲ್ಲ.

ಮೋಸ ಹೋಗುವುದು ಇದರ ಮುಂದಿನ ಹಂತದಲ್ಲಿ. ಕೋಡ್ ಬರೆಯುವ ದಿನವನ್ನಷ್ಟೇ ಎಣಿಸಿ ದರ ಹೇಳಿಬಿಡುತ್ತಾರೆ. ಕೋಡಿಗೆ 60 ದಿನವಾದರೆ ಪರೀಕ್ಷೆ ಮತ್ತು ತಿದ್ದುಪಡಿಗೆ 25, ಹಳೆಯ ಲೆಕ್ಕ ಹೊಸದಕ್ಕೆ ತರಲು 10, ಮುನೀಮರಿಗೆ ಕಲಿಸಿ ಕೂರಿಸಲು 8 ಇಡಬೇಕು. ಅಲ್ಲಿಗೆ 103. ಅನಿರೀಕ್ಷಿತಕ್ಕೆಂದು 15 ಸೇರಿಸಿ 118. ದಿನಕ್ಕೆ 3,500 ರೂಪಾಯಿ ಹಿಡಿದರೆ 4,13,000, ಶೇ. 18ರ ಜಿಎಸ್‌ಟಿ 74,340. ಒಟ್ಟು 4,87,340 ರೂಪಾಯಿ. ಈ ಲೆಕ್ಕವನ್ನು ಮುಚ್ಚಿಡದೆ ಸಾವ್ಕಾರರ ಮುಂದೆ ಬಿಚ್ಚಿಡಿ. ಯಾವ ತುಂಡು ಈಗ ಬೇಡ ಎಂದು ಅವರೇ ಬೆರಳಿಟ್ಟು ತೋರಿಸುತ್ತಾರೆ. ಮೊತ್ತ ಮೊದಲೇ ಕಟ್ಟಿಕೊಂಡವನು ಪ್ರಶ್ನೆಗಳನ್ನೂ ಮೊದಲೇ ಕೇಳುತ್ತಾನೆ. ದಿನದ ಲೆಕ್ಕದಲ್ಲಿ ದುಡಿಯುವವನಿಗೆ ಆ ಅವಸರ ಇರುವುದಿಲ್ಲ.

ವಿರೋಧ: ನೋಡದೆ ಕಟ್ಟಿದ ದರ ಇಬ್ಬರನ್ನೂ ಮುಳುಗಿಸುತ್ತದೆ

ಲಾರಿ ತೂಕಕ್ಕೆ ಹೇಳಿದ ಆ 6 ದಿನವನ್ನೇ ತೆಗೆದುಕೊಳ್ಳೋಣ. ತೂಕದ ಕಟ್ಟೆಯ ಡಿಸ್‌ಪ್ಲೇ ಪೆಟ್ಟಿಗೆಯಿಂದ ಸೀರಿಯಲ್ ಕೇಬಲ್‌ನಲ್ಲಿ ಅಂಕಿಗಳು ಹರಿಯುತ್ತಲೇ ಇರುತ್ತವೆ. ಒಂದು ಪೆಟ್ಟಿಗೆಯ ವೇಗ ಸೆಕೆಂಡಿಗೆ 2400 ಬಿಟ್, ಇನ್ನೊಂದರದು 9600; ತಪ್ಪು ಹಿಡಿದರೆ ಪರದೆಯ ಮೇಲೆ ಬರೀ ಕಸ. ಕೆಲವು ಪೆಟ್ಟಿಗೆಗಳು ಅಂಕಿಯನ್ನು ತಿರುಗಾಮುರುಗಾ ಕಳಿಸುತ್ತವೆ. ಲಾರಿ ಅಲುಗಾಡುವುದು ನಿಲ್ಲುವ ಮೊದಲೇ ಅಂಕಿ ಹಿಡಿದರೆ ತೂಕ ತಪ್ಪುತ್ತದೆ, ರೈತರೊಡನೆ ಜಗಳ ಅಲ್ಲಿಂದ ಶುರು. ಕಟ್ಟೆಯ ಹತ್ತಿರ ಹೋಗಿ ಕೇಬಲ್ ಸಿಕ್ಕಿಸಿ ನೋಡುವ ತನಕ 3, 5, 13 ಮೂರೂ ಊಹೆಯೇ. ಊಹೆಗಳನ್ನು 6ರಿಂದ ಭಾಗಿಸಿದರೆ ಬರುವುದು ಕೂಡ ಊಹೆ.

ಹಳೆಯ ಲೆಕ್ಕಕ್ಕೆ ಇಟ್ಟ 10 ದಿನವೂ ಅಷ್ಟೇ. ರೈತರ ಹೆಸರಿನ ಪಟ್ಟಿ 'ನುಡಿ' ಎಂಬ ಹಳೆಯ ಕನ್ನಡ ಫಾಂಟಿನಲ್ಲಿದ್ದರೆ ಅದನ್ನು ಈಗಿನ ಕಂಪ್ಯೂಟರುಗಳೆಲ್ಲ ಓದುವ ಅಕ್ಷರ ಸಂಕೇತವಾದ ಯೂನಿಕೋಡಿಗೆ ಬದಲಿಸಬೇಕು. 'ಸೂರ್ಯಕಾಂತ' ಎಂಬ ಹೆಸರಿನಲ್ಲಿ ಅರ್ಕಾವತ್ತಿನ ಗುರುತು ಹಳೆಯ ಕಡತದಲ್ಲಿ ಯಕಾರದ ನಂತರ ಕೂತಿರುತ್ತದೆ. ಯೂನಿಕೋಡಿನಲ್ಲಿ ರಕಾರ ಯಕಾರಕ್ಕಿಂತ ಮೊದಲು ಬರಬೇಕು. ಪರಿವರ್ತಕ ಒಂದು ಕಡೆ ಎಡವಿದರೂ ಹೆಸರು ಹುಡುಕಿದರೆ ಸಿಗದು, ಬಾಕಿ ತಾಳೆಯಾಗದು. ಮೇಲಾಗಿ ಒಬ್ಬನೇ ರೈತ ಒಂದು ವರ್ಷ ಶರಣಬಸಪ್ಪ, ಮರುವರ್ಷ ಶರಣಪ್ಪ ಎಂದು ಬರೆದುಕೊಂಡಿದ್ದರೆ, ಇಬ್ಬರೂ ಒಬ್ಬರೇ ಎಂದು ಹೇಳಲು ಮುನೀಮರೇ ಪಕ್ಕದಲ್ಲಿ ಕೂರಬೇಕು. ಸುಗ್ಗಿಯಲ್ಲಿ ಅವರಿಗೆ ಪುರಸೊತ್ತೆಲ್ಲಿ?

ಹೊರಗಿನ ನಿಯಮವೂ ಬದಲಾಗುತ್ತದೆ. 2022ರ ಜುಲೈ 18ರಿಂದ, ಮೊದಲೇ ಪ್ಯಾಕ್ ಮಾಡಿ ಲೇಬಲ್ ಹಚ್ಚಿದ 25 ಕೆಜಿವರೆಗಿನ ಬೇಳೆಗೆ ಶೇ. 5 ಜಿಎಸ್‌ಟಿ ಬಂತು. ಅದಕ್ಕಿಂತ ದೊಡ್ಡ ಚೀಲಕ್ಕೆ ಬರಲಿಲ್ಲ. ಅಲ್ಲಿಯ ತನಕ ಮಾಲಿಗೊಂದು ತೆರಿಗೆ ದರ ಎಂದು ಬರೆದ ಬಿಲ್ಲಿನ ಪ್ರೋಗ್ರಾಂಗಳಲ್ಲಿ ಒಂದೇ ಬೇಳೆಗೆ ಚೀಲದ ಗಾತ್ರ ನೋಡಿ ಎರಡು ದರ ಹಾಕಬೇಕಾಯಿತು. ಒಟ್ಟು ದರದ ಕರಾರಿನಲ್ಲಿ ಇದರ ಖರ್ಚು ಯಾರ ತಲೆಗೆ? ಅದು ಬರೆದಿರುವುದಿಲ್ಲ.

ಸಾಫ್ಟ್‌ವೇರ್ ಖರ್ಚಿನ ಅಂದಾಜನ್ನು ಅಧ್ಯಯನ ಮಾಡಿದ ಬ್ಯಾರಿ ಬೋಹ್ಮ್ 1981ರಲ್ಲಿ ಹೇಳಿದ ಲೆಕ್ಕದಂತೆ, ಕೆಲಸ ಇನ್ನೂ ಮಾತಿನ ಹಂತದಲ್ಲಿರುವಾಗ ಹೇಳಿದ ಅಂದಾಜು ನಾಲ್ಕು ಪಟ್ಟು ಏರಬಹುದು, ಕಾಲು ಭಾಗಕ್ಕೂ ಇಳಿಯಬಹುದು. 4 ಲಕ್ಷ ಎಂದದ್ದು 1 ಲಕ್ಷದಿಂದ 16 ಲಕ್ಷದ ನಡುವೆ ಎಲ್ಲಾದರೂ ನಿಲ್ಲಬಹುದು. ಮೊತ್ತ ಕಟ್ಟಿಹಾಕಿದರೆ ಏರಿದ ಕೆಲಸ ಮಾಯವಾಗುವುದಿಲ್ಲ. ಮೊದಲು ಕತ್ತರಿ ಬೀಳುವುದು ಪರೀಕ್ಷೆಯ 25 ದಿನಕ್ಕೆ. ಆಮೇಲೆ ತಡವಾಯಿತೆಂದು ಹೊಸಬರನ್ನು ಸೇರಿಸುತ್ತಾರೆ. 5 ಜನರ ನಡುವೆ ಮಾತಾಡುವ ಜೋಡಿಗಳು 10, 10 ಜನರಾದರೆ 45. ಹಳಬರ ಹೊತ್ತು ಹೊಸಬರಿಗೆ ಕಲಿಸುವುದರಲ್ಲೇ ಕಳೆಯುತ್ತದೆ.

ಸಾವ್ಕಾರರಿಗೆ ಒಂದು ಮಿತಿ ಬೇಕು, ಅದನ್ನು ಒಪ್ಪುತ್ತೇನೆ. ಹಾಗಾದರೆ ಮೊದಲ ಎರಡು ವಾರ ಪಗಾರ ಕೊಟ್ಟು ಬರೀ ನೋಡಿಸಿ: ತೂಕದ ಕಟ್ಟೆ, ಹಳೆಯ ಕಡತ, ಒಂದು ದಿನದ ಪೂರ್ತಿ ವ್ಯವಹಾರ. ಆಮೇಲೆ ಗೇಟ್ ಪಾಸ್ ಮತ್ತು ತೂಕಕ್ಕೆ ಮಾತ್ರ ದರ ಗೊತ್ತು ಮಾಡಿ. ಲಾರಿಗಳು ಸಾಲುಗಟ್ಟಿದಾಗಲೂ ಅದು ಸರಿಯಾಗಿ ನಡೆದ ಮೇಲೆ ಮಾರಾಟದ ಬಿಲ್ಲಿನ ಭಾಗಕ್ಕೆ ದರ ಕಟ್ಟಿ. ಪ್ರತಿ ಹಂತ ಮುಗಿದಾಗ ಕೋಡ್, ಮಾಹಿತಿ, ಪಾಸ್‌ವರ್ಡ್ ಮೂರೂ ಮಿಲ್ಲಿನವರ ಕೈಗೆ ಬರಬೇಕೆಂದು ಕರಾರಿನಲ್ಲಿ ಬರೆಯಿಸಿ. ಆಗ ಬೇಡವೆನಿಸಿದ ಹಂತದಲ್ಲಿ ನಿಲ್ಲಿಸಿ, ಉಳಿದದ್ದನ್ನು ಬೇರೆಯವರಿಂದ ಮಾಡಿಸಿಕೊಳ್ಳಬಹುದು.