ಮುಖ ತೋರಿಸದ ರೋಬೋಟ್

ಕಾಯಿಲೆಯಿಂದ ತಿಂಗಳುಗಟ್ಟಲೆ ಶಾಲೆ ತಪ್ಪುವ ಮಕ್ಕಳಿಗಾಗಿ ನಾರ್ವೆಯ ಓಸ್ಲೋದಲ್ಲಿ ಒಂದು ಪುಟ್ಟ ಬಿಳಿ ರೋಬೋಟ್ ಮಾಡಿದ್ದಾರೆ. ಹೆಸರು ಎವಿ1. 2015ರಲ್ಲಿ ಶುರುವಾದ ನೋ ಐಸೋಲೇಶನ್ ಕಂಪನಿಯದು. ತಲೆ, ಎದೆ ಅಷ್ಟೇ. ಕೈಕಾಲಿಲ್ಲ, ಚಕ್ರವೂ ಇಲ್ಲ. ಮಗು ಹಾಸಿಗೆಯಲ್ಲೇ ಮಲಗಿ ಟ್ಯಾಬಿನ ಮೇಲೆ ಬೆರಳು ಸರಿಸಿದರೆ, ಕ್ಲಾಸಿನಲ್ಲಿ ರೋಬೋಟಿನ ತಲೆ ಆ ಕಡೆ ತಿರುಗುತ್ತೆ. ಕೈ ಎತ್ತುವ ಬಟನ್ ಒತ್ತಿದರೆ ತಲೆಯ ದೀಪ ಮಿನುಗುತ್ತೆ. ಮಾತಾಡೋ ತ್ರಾಣ ಇಲ್ಲದ ದಿನ ದೀಪ ನೀಲಿ. ಆಗ ಮೇಷ್ಟ್ರು ಪ್ರಶ್ನೆ ಕೇಳಬಾರದು.

ವಿಡಿಯೋ ಕಾಲ್ ಇರುವಾಗ ಇದೇಕೆ ಅನ್ನೋರು ಒಂದು ವಿಷಯ ನೋಡಬೇಕು. ಮಗುವಿಗೆ ಕ್ಲಾಸು ಕಾಣುತ್ತೆ, ಕ್ಲಾಸಿಗೆ ಮಗು ಕಾಣಲ್ಲ, ದನಿ ಮಾತ್ರ ಕೇಳುತ್ತೆ. ಕೀಮೋದಿಂದ ಕೂದಲುದುರಿದ, ಮೂಗಿಗೆ ನಳಿಕೆ ಹಾಕಿಸಿಕೊಂಡ ಮಗುವಿಗೆ ಇದು ಎಷ್ಟು ದೊಡ್ಡ ನಿರಾಳ! ಮುಖ ಮರೆಮಾಡುವುದು ಯಾರ ಅನುಕೂಲಕ್ಕೆ ಅನ್ನೋದೇ ಮುಖ್ಯ. 2010ರಲ್ಲಿ ದಕ್ಷಿಣ ಕೊರಿಯಾದ ಡೇಗು ನಗರದ ಶಾಲೆಗಳಲ್ಲಿ ಎಂಗ್‌ಕೀ ರೋಬೋಟ್ ಇಂಗ್ಲಿಷ್ ಕಲಿಸಿತು. ದೂರದಲ್ಲಿ ಕೂತು ಅದರ ಮೂಲಕ ಪಾಠ ಮಾಡುತ್ತಿದ್ದವರು ಫಿಲಿಪೀನ್ಸ್‌ನ ಶಿಕ್ಷಕಿಯರು, ಪರದೆಯ ಮೇಲೆ ಕಂಡದ್ದು ಬಿಳಿಯ ಹೆಂಗಸಿನ ಗೊಂಬೆಮುಖ. ಅದು ನನಗೆ ಈಗಲೂ ಒಪ್ಪಿಗೆಯಾಗಲ್ಲ.

ಎವಿ1ರಂಥ ರೋಬೋಟ್ ಸೋಲೋದು ಹೆಚ್ಚಾಗಿ ಸಣ್ಣಪುಟ್ಟದ್ದರಿಂದ. ನೆಟ್ಟಿನ ವೇಗ ಪರೀಕ್ಷೆ ಮಾಡುವಾಗ ಎಲ್ಲರೂ ಡೌನ್‌ಲೋಡ್ ನೋಡ್ತಾರೆ. ಚಿತ್ರ ಹೊರಡೋದು ಕ್ಲಾಸಿನಿಂದ, ಹಾಗಾಗಿ ಬೇಕಿರೋದು ಅಪ್‌ಲೋಡ್. ಅದನ್ನೂ ಆಫೀಸ್ ರೂಮಲ್ಲಲ್ಲ, ರೋಬೋಟ್ ಕೂರುವ ಬೆಂಚಿನ ಮೇಲೇ ಅಳೆಯಿರಿ. ಲಾಗಿನ್ ಪುಟ ಕೇಳುವ ವೈಫೈ ಆದರೆ ಸಿಮ್ ಹಾಕೋದೇ ವಾಸಿ. ಪರದೆಯೇ ಇಲ್ಲದ ಯಂತ್ರ ಪಾಸ್‌ವರ್ಡ್ ಎಲ್ಲಿ ಟೈಪ್ ಮಾಡೀತು?

ಎರಡನೇ ಸಾಲು ಒಳ್ಳೆಯ ಜಾಗ. ಕಿಟಕಿಯ ಬೆಳಕು ನೇರ ಕ್ಯಾಮೆರಾಕ್ಕೆ ಬಿದ್ದರೆ ಬೋರ್ಡು ಕಪ್ಪಾಗಿಬಿಡುತ್ತೆ. ಫ್ಯಾನಿನ ಕೆಳಗಂತೂ ಬೇಡ, ಮೈಕಿಗೆ ಗಾಳಿಯ ಸದ್ದೇ ತುಂಬುತ್ತೆ. ರೋಬೋಟಿನ ಕೆಳಗೆ ಮಡಚಿದ ಬಟ್ಟೆ ಹಾಕಿ. ಇಲ್ಲದಿದ್ದರೆ ಪಕ್ಕದ ಹುಡುಗ ಕಂಪಾಸ್ ಬಾಕ್ಸ್ ಇಟ್ಟದ್ದೂ ಮಗುವಿನ ಕಿವಿಗೆ ಬಾಂಬಿನ ಹಾಗೆ ಬಡಿಯುತ್ತೆ.

ರಾತ್ರಿ ಚಾರ್ಜಿಗೆ ಹಾಕೋರು ಯಾರು, ಲ್ಯಾಬಿಗೆ ಹೊತ್ತುಕೊಂಡು ಹೋಗೋರು ಯಾರು ಅಂತ ಮೊದಲೇ ಹೆಸರು ಬರೆದಿಡಿ. ವಾರಕ್ಕಿಬ್ಬರು ಗೆಳೆಯರ ಸರದಿ ಸಾಕು. ಯಾರದೂ ಅಲ್ಲದ ಕೆಲಸ ಆದರೆ ರೋಬೋಟ್ ಸ್ಟಾಫ್ ರೂಮಿನ ಬೀರು ಸೇರುತ್ತೆ.

ಮೊದಲ ವಾರ ದಿನಕ್ಕೆ ಒಂದೇ ಪೀರಿಯಡ್, ಮಗುವಿಗೆ ಇಷ್ಟವಾದದ್ದು. ಊಟದ ಬಿಡುವಿನಲ್ಲಿ ಮಾತ್ರ ದಯವಿಟ್ಟು ಆಫ್ ಮಾಡಬೇಡಿ. ಡಬ್ಬಿಯ ಪಕ್ಕದಲ್ಲಿಡಿ. ವಾಲ್ಯೂಮ್ ಮಗುವಿನ ಕೈಯಲ್ಲೇ ಇರುತ್ತೆ, ಪಕ್ಕದ ಗೆಳತಿಗಷ್ಟೇ ಕೇಳುವ ಹಾಗೆ ಇಳಿಸಿಕೊಂಡು ತನ್ನ ಗುಟ್ಟು ಹೇಳಿಕೊಳ್ಳಲಿ.