ಆಡಿ ಸೇಲ್ ಜಾಹೀರಾತು ಹುಬ್ಬಳ್ಳಿಗೆ ಒಗ್ಗಲ್ಲ

ಜುಲೈ ಮಧ್ಯದಲ್ಲಿ ತಮಿಳರ ಆಡಿ ತಿಂಗಳು ಶುರುವಾದರೆ ಸಾಕು, ಚೆನ್ನೈನ ಟಿ. ನಗರದ ಅಂಗಡಿ ಬೀದಿಗಳಲ್ಲಿ ಕಾಲಿಡೋಕೆ ಜಾಗ ಇರುವುದಿಲ್ಲ. ಆಡಿಯಲ್ಲಿ ಇಲ್ಲಿ ಮದುವೆ ಮಾಡುವುದಿಲ್ಲ. ವ್ಯಾಪಾರ ಬಿದ್ದುಹೋಗಬೇಕಾದ ತಿಂಗಳು ಅದು. ಜವಳಿ ಅಂಗಡಿಯವರು ಅದನ್ನೇ ರಿಯಾಯಿತಿಯ ಹಬ್ಬ ಮಾಡಿಬಿಟ್ಟರು. ಈ ಊರಲ್ಲಿ ಜಾಹೀರಾತು ಬರೆಯುವ ನನಗೆ ಅವರ ಮೇಲೆ ಗೌರವ ಇರುವುದು ಇದಕ್ಕೇ. ಗಿರಾಕಿ ಮನೆಯ ಕ್ಯಾಲೆಂಡರ್ ಅವರಿಗೆ ಬಾಯಿಪಾಠ.

ಆದರೆ ಅದೇ ಜಾಹೀರಾತನ್ನು ಸುಮ್ನೆ ಕನ್ನಡಕ್ಕೆ ತಿರುಗಿಸಿ ಹೊಸೂರು ದಾಟಿಸಿದರೆ ಕೆಲಸ ಆಗುವುದಿಲ್ಲ. ಆಡಿ ಸೌರಮಾನದ ತಿಂಗಳು, ನಮ್ಮ ಆಷಾಢ ಚಾಂದ್ರಮಾನದ್ದು. ಇಲ್ಲಿ ಆಡಿ ಮುಗಿಯುವ ಮೊದಲೇ ಸಾಮಾನ್ಯವಾಗಿ ನಮ್ಮಲ್ಲಿ ಶ್ರಾವಣ ಬಂದಿರುತ್ತದೆ. ವರಮಹಾಲಕ್ಷ್ಮಿಗೆ ಕಳಶಕ್ಕೆ ಉಡಿಸಲು ಒಳ್ಳೆಯ ಸೀರೆ ಹುಡುಕುತ್ತಿರುವವರಿಗೆ ‘ಅರ್ಧ ಬೆಲೆ, ಬೇಗ ಬನ್ನಿ’ ಅನ್ನುವ ಮಾತು ಯಾಕೆ ನಾಟಬೇಕು?

ಕರ್ನಾಟಕದ ಒಳಗೂ ಊರಿಂದೂರಿಗೆ ಲೆಕ್ಕ ಬೇರೆ. ಹುಬ್ಬಳ್ಳಿ, ಗದಗ, ಬಾಗಲಕೋಟೆ ಕಡೆ ಮದುವೆಯಾದ ಹೆಣ್ಣುಮಕ್ಕಳು ತವರಿಗೆ ಬರುವುದು ನಾಗರ ಪಂಚಮಿಗೆ. ಅಣ್ಣನೋ ತಮ್ಮನೋ ಕರೆಯೋಕೆ ಹೋಗುತ್ತಾನೆ. ಮನೆ ತುಂಬ ಬಗೆಬಗೆಯ ಉಂಡಿ, ಮರಕ್ಕೆ ಜೋಕಾಲಿ. ಮೈಸೂರು, ಮಂಡ್ಯ ಕಡೆ ತವರಿನ ನೆನಪು ಉಕ್ಕುವುದು ಗೌರಿ ಹಬ್ಬಕ್ಕೆ, ಬಾಗಿನದ ಜೊತೆ. ಸೀರೆ ಅಂಗಡಿಗೆ ಇದಕ್ಕಿಂತ ಒಳ್ಳೆಯ ಕಥೆ ಬೇಕಾ? ಆದರೂ ಕರ್ನಾಟಕಕ್ಕೆ ಬರೆಯಿರಿ ಅಂತ ನನ್ನ ಕೈಗೆ ಬರುವ ಬ್ರೀಫಿನಲ್ಲಿ, ಅಂದರೆ ಜಾಹೀರಾತು ಯಾರಿಗೆ ಅಂತ ಕಂಪನಿ ಬರೆದುಕೊಡುವ ಟಿಪ್ಪಣಿಯಲ್ಲಿ, ಎರಡೂ ಕಡೆಗೆ ಒಂದೇ ಸಾಲು: 25ರಿಂದ 40 ವರ್ಷದ ಮಹಿಳೆ, ಮಧ್ಯಮ ವರ್ಗ. ವಯಸ್ಸು, ಆದಾಯ ತಿಳಿದರೆ ಜಾಹೀರಾತನ್ನು ಎಲ್ಲಿ ಹಾಕಬೇಕು ಅಂತ ಗೊತ್ತಾಗುತ್ತದೆ. ಏನು ಹೇಳಬೇಕು ಅನ್ನೋದು ಗೊತ್ತಾಗಲ್ಲ.

ದೊಡ್ಡ ಕಂಪನಿಗಳೂ ಇದನ್ನು ಕಷ್ಟಪಟ್ಟೇ ಕಲಿತಿವೆ. ಟಾಟಾದವರ ತನಿಷ್ಕ್ 1990ರ ದಶಕದಲ್ಲಿ ಶುರುವಾದಾಗ 18 ಕ್ಯಾರೆಟ್ ಒಡವೆ ತಂದಿತು. ನೋಡೋಕೆ ಚೆಂದವೇ. ಆದರೆ ನಮ್ಮ ಜನಕ್ಕೆ ಚಿನ್ನ ಅಂದರೆ ಅಲಂಕಾರ ಮಾತ್ರ ಅಲ್ಲ, ಕಷ್ಟಕಾಲಕ್ಕೆ ಅಡ ಇಡುವ ಉಳಿತಾಯ. ಅವರಿಗೆ 22 ಕ್ಯಾರೆಟ್ಟೇ ಬೇಕು. ಕಂಪನಿ ಆ ದಾರಿಗೆ ಬಂತು. ಜೊತೆಗೆ ಮಳಿಗೆಯಲ್ಲಿ ಕ್ಯಾರೆಟ್‌ಮೀಟರ್ ಇಟ್ಟಿತು. ಮನೆಯ ಹಳೇ ಬಳೆ ತಂದು ಅದರಲ್ಲಿ ಚಿನ್ನ ಎಷ್ಟಿದೆ ಅಂತ ಕಣ್ಣೆದುರೇ ನೋಡಬಹುದಿತ್ತು. ‘ನಾನು ಕೊಂಡಿದ್ದು ಅಸಲಿಯಾ?’ ಅನ್ನುವ ಅನುಮಾನ ಎಲ್ಲರಿಗೂ ಇತ್ತು, ಬಾಯಿಬಿಟ್ಟು ಕೇಳೋರು ಕಡಿಮೆ. ಬ್ರ್ಯಾಂಡ್ ಕಥೆ ಅಂದರೆ ನನಗೆ ಮೊದಲು ನೆನಪಾಗುವುದು ಆ ಯಂತ್ರ. ಜನರ ಮನಸ್ಸಲ್ಲಿದ್ದ ಪ್ರಶ್ನೆಗೆ ನೇರ ಉತ್ತರ ಅದು. ಸಿನಿಮಾ ತಾರೆಯ ನಗು ಆ ಕೆಲಸ ಮಾಡುತ್ತಿರಲಿಲ್ಲ.

ಚೆನ್ನೈನಲ್ಲಿ ತಮಿಳು ಜಾಹೀರಾತನ್ನು ತಮಿಳಿನಲ್ಲೇ ಯೋಚಿಸಿ ಬರೆಯುವುದು ಮಾಮೂಲು. ನಮ್ಮಲ್ಲಿ ಇನ್ನೂ ಬಹಳಷ್ಟು ಜಾಹೀರಾತು ಹಿಂದಿಯಲ್ಲಿ ಹುಟ್ಟಿ, ಕನ್ನಡದ ದನಿ ಹಾಕಿಸಿಕೊಂಡು ಬರುತ್ತವೆ. ಇದು ನನಗೆ ನಿಜಕ್ಕೂ ನೋವು. ಹುಬ್ಬಳ್ಳಿ ಅಂಗಡಿಗೆ ಬರೆಯುವವರು ಪಂಚಮಿಗೆ ಒಂದು ವಾರ ಮುಂಚೆ ಅಲ್ಲಿ ಹೋಗಿ ಕೂರಲಿ. ಸೀರೆ ಬಿಚ್ಚಿ ತೋರಿಸುವ ಹುಡುಗಿಯರನ್ನು ಮಾತಾಡಿಸಲಿ. ಯಾರು ಯಾರಿಗೆ ಕೊಳ್ಳುತ್ತಾರೆ, ಯಾವ ಮಾತಿಗೆ ಎದ್ದು ಹೋಗುತ್ತಾರೆ ಅನ್ನೋದು ಅವರಿಗೆ ಗೊತ್ತು. ಆ ಓಡಾಟದ ಖರ್ಚನ್ನು ಕಂಪನಿಗಳು ಬಜೆಟ್‌ನಲ್ಲಿ ಮೊದಲೇ ಎತ್ತಿಡಬೇಕು.