ಎಡ ಮಿದುಳು, ಬಲ ಮಿದುಳು: ಹಾಸನದ ಗ್ರೂಪ್‌ಗಳಲ್ಲಿ ಓಡಾಡುತ್ತಿರುವ ಸಂದೇಶಕ್ಕೆ ಸ್ಪಷ್ಟನೆ

"ಖಿನ್ನತೆ ಇದ್ದರೆ ಎಡ ಮಿದುಳು ಸತ್ತಿದೆ, ಆತಂಕ ಇದ್ದರೆ ಬಲ ಮಿದುಳು ಕೆಟ್ಟಿದೆ. ಒಂದು ಇಇಜಿ ಮಾಡಿಸಿ, ಮಾತ್ರೆ ಬಿಡಿ" ಎಂಬ ಸಂದೇಶ ಹಾಸನ, ಅರಸೀಕೆರೆ ಕಡೆಯ ವಾಟ್ಸಾಪ್ ಗ್ರೂಪ್‌ಗಳಲ್ಲಿ ಹರಿದಾಡುತ್ತಿದೆ. ಇದು ತಪ್ಪು. (ಇಇಜಿ ಎಂದರೆ ಮಿದುಳಿನ ವಿದ್ಯುತ್ ಅಲೆಗಳನ್ನು ಗೆರೆಗಳಾಗಿ ದಾಖಲಿಸುವ ಪರೀಕ್ಷೆ.)

ಖಿನ್ನತೆಯಲ್ಲಿ ಮಿದುಳಿನ ಯಾವ ಅರ್ಧವೂ ಸಾಯುವುದಿಲ್ಲ. ಇಇಜಿಯಲ್ಲಿ ಸಂಶೋಧಕರು ನೋಡಿದ್ದು ಆಲ್ಫಾ ಎಂಬ ಅಲೆಗಳ ಎಡ-ಬಲ ವ್ಯತ್ಯಾಸವನ್ನು. ಸೆಕೆಂಡಿಗೆ ಸುಮಾರು 8ರಿಂದ 12 ಸಲ ಏರಿಳಿಯುವ ಈ ಅಲೆ ಹೆಚ್ಚಿದ್ದ ಕಡೆ ಚಟುವಟಿಕೆ ಕಡಿಮೆ ಎಂದು ಲೆಕ್ಕ. ಖಿನ್ನತೆ ಇದ್ದವರ ಗುಂಪಿನಲ್ಲಿ ಹಣೆಯ ಹಿಂದಿರುವ ಮಿದುಳಿನ ಎಡಭಾಗದ ಚಟುವಟಿಕೆ ತುಸು ಕಡಿಮೆ ಎಂದು ಕೆಲವು ಅಧ್ಯಯನಗಳು ಹೇಳಿದವು, ಇನ್ನು ಕೆಲವಕ್ಕೆ ಅದು ಕಾಣಲಿಲ್ಲ. ಆತಂಕವಿಲ್ಲದ ಖಿನ್ನತೆಯಲ್ಲಿ ಮಿದುಳಿನ ಬಲ ಹಿಂಭಾಗ ಮಂಕು, ಆತಂಕ ಸೇರಿದಾಗ ಬಲಭಾಗ ಚುರುಕು ಎಂದು 1997ರ ಅಧ್ಯಯನವೊಂದು ತೋರಿಸಿತು. ಸಂದೇಶದಲ್ಲಿ ತಿರುಚಿರುವುದು ಬಹುಶಃ ಇದನ್ನೇ. ಆದರೆ ಇವೆಲ್ಲ ಗುಂಪಿನ ಸರಾಸರಿ. ಒಬ್ಬರ ಇಇಜಿಯಲ್ಲಿ ಕಣ್ಣು ಮಿಟುಕಿಸಿದರೂ, ಹಲ್ಲು ಕಚ್ಚಿದರೂ ಗೆರೆ ಕೆಡುತ್ತದೆ. ಅದರಿಂದ ಖಿನ್ನತೆ ಪತ್ತೆಯಾಗುವುದಿಲ್ಲ. ವೈದ್ಯರು ಕೇಳುವುದು ಎರಡು ವಾರದಿಂದ ಮನಸ್ಸು, ನಿದ್ದೆ, ಹಸಿವು ಹೇಗಿವೆ ಎಂದು.

ಮಾತ್ರೆಯನ್ನು ದಿಢೀರನೆ ಬಿಟ್ಟರೆ ತಲೆಸುತ್ತು, ನಿದ್ರಾಭಂಗ, ತಲೆಯಲ್ಲಿ ಶಾಕ್ ಹೊಡೆದಂತಾಗುವುದು ಉಂಟು. ಡೋಸ್ ಇಳಿಸುವುದು ವೈದ್ಯರೇ, ಹಂತಹಂತವಾಗಿ. ಸಂದೇಹವಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ. ಉಚಿತ, ಕನ್ನಡದಲ್ಲೇ ಮಾತಾಡಬಹುದು. ದಯವಿಟ್ಟು ಆ ಸಂದೇಶವನ್ನು ಇನ್ನು ಯಾರಿಗೂ ಫಾರ್ವರ್ಡ್ ಮಾಡಬೇಡಿ. ಈಗಾಗಲೇ ಕಳಿಸಿದ್ದರೆ ಅದೇ ಗ್ರೂಪ್‌ಗೆ ಇದನ್ನೂ ಹಾಕಿ.